ಡೌನ್ ಸಿಂಡ್ರೋಮ್ ಇರುವವರಿಗೆ ನಲವತ್ತಾದಾಗ

(ಪೋಷಕರು, ಒಡಹುಟ್ಟಿದವರು ಮತ್ತು ವಿಶೇಷ ಶಾಲೆಗಳ ಶಿಕ್ಷಕರ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಡೌನ್ ಸಿಂಡ್ರೋಮ್ ಇರುವ ಮಗುವಿನ ಹೃದಯದ ಆಪರೇಷನ್, ಸ್ಪೀಚ್ ಥೆರಪಿ, ಶಾಲೆ ಇವುಗಳ ಬಗ್ಗೆ ಕೇಳಿದರೆ ಇವತ್ತು ಹೇಳುವವರು ಸಿಗುತ್ತಾರೆ. ಅದೇ ಮಗುವಿಗೆ ನಲವತ್ತೈದು ಆದಾಗ ಏನಾಗುತ್ತದೆ ಎಂದು ಕೇಳಿ ನೋಡಿ, ಮಾತು ನಿಂತುಹೋಗುತ್ತದೆ. ಇದಕ್ಕೆ ಕಾರಣವಿದೆ. 1929ರಲ್ಲಿ ಡೌನ್ ಸಿಂಡ್ರೋಮ್ ಇರುವವರ ಸರಾಸರಿ ಆಯಸ್ಸು 9 ವರ್ಷ. 1983ರ ಹೊತ್ತಿಗೆ ಅದು 25. ಈಗ ಒಳ್ಳೆಯ ವೈದ್ಯಕೀಯ ಸೌಲಭ್ಯ ಇರುವ ದೇಶಗಳಲ್ಲಿ 60ರ ಆಸುಪಾಸು. ಅಂದರೆ ಡೌನ್ ಸಿಂಡ್ರೋಮ್ ಇರುವ ಐವತ್ತು ವರ್ಷದವರು ದೊಡ್ಡ ಸಂಖ್ಯೆಯಲ್ಲಿ ಕಾಣಿಸತೊಡಗಿದ್ದೇ ನಮ್ಮ ಕಾಲದಲ್ಲಿ. ಅವರ ಜೊತೆಗೇ ಇನ್ನೊಂದು ಸಂಗತಿಯೂ ಕಾಣತೊಡಗಿತು. ಅವರಲ್ಲಿ ಶೇ. 90ಕ್ಕಿಂತ ಹೆಚ್ಚು ಮಂದಿಗೆ ಜೀವಿತಾವಧಿಯಲ್ಲಿ ಆಲ್ಝೈಮರ್ ಕಾಯಿಲೆಯಿಂದ ಡಿಮೆನ್ಷಿಯಾ, ಅಂದರೆ ನೆನಪು ಮತ್ತು ಅರಿವಿನ ಕುಸಿತ, ಬರುವ ಸಂಭವವಿದೆ.

ಹುಟ್ಟಿನಿಂದಲೇ ಬರುವ ಬೆಳವಣಿಗೆಯ ಸ್ಥಿತಿಗೂ ವಯಸ್ಸಾದ ಮೇಲೆ ಮೆದುಳು ಸವೆಯುವ ಕಾಯಿಲೆಗೂ ಇರುವ ನಂಟು ಇಷ್ಟು ನಿಚ್ಚಳವಾಗಿ ಬೇರೆಲ್ಲೂ ಕಾಣುವುದು ಅಪರೂಪ. ಆಟಿಸಂ, ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಕೆಯ ಸ್ಥಿತಿ), ಫ್ರಜೈಲ್ ಎಕ್ಸ್ (ಒಂದು ಜೀನಿನ ದೋಷದಿಂದ ಬರುವ ಸ್ಥಿತಿ) ಬಗ್ಗೆಯೂ ಕೊನೆಯಲ್ಲಿ ಸ್ವಲ್ಪ ಹೇಳುತ್ತೇನೆ. ಆದರೆ ಹೆಚ್ಚು ಹೊತ್ತು ಡೌನ್ ಸಿಂಡ್ರೋಮ್ ಬಗ್ಗೆಯೇ ಮಾತಾಡುತ್ತೇನೆ. ಮನೆಯವರ ಕೈಯಲ್ಲಿ ಮಾಡಲು ಕೆಲಸ ಇರುವುದು ಅಲ್ಲೇ.

ಕಾರಣ 21ನೇ ಕ್ರೋಮೋಸೋಮಿನಲ್ಲಿದೆ

ಜಾನ್ ಲ್ಯಾಂಗ್ಡನ್ ಡೌನ್ ಈ ಸ್ಥಿತಿಯನ್ನು ವಿವರಿಸಿದ್ದು 1866ರಲ್ಲಿ. ಹತ್ತೇ ವರ್ಷದಲ್ಲಿ, 1876ರಲ್ಲಿ, ಫ್ರೇಸರ್ ಮತ್ತು ಮಿಚೆಲ್ ಎಂಬ ವೈದ್ಯರು ಇಂಥವರಿಗೆ ಮುಪ್ಪು ಅವಸರದಲ್ಲಿ ಬಂದಂತೆ ಕಾಣುತ್ತದೆ ಎಂದು ಬರೆದರು. ಆಗಿನ್ನೂ ಆಲ್ಝೈಮರ್ ಎಂಬ ಹೆಸರೇ ಕಾಯಿಲೆಗೆ ಬಂದಿರಲಿಲ್ಲ. 1929ರಲ್ಲಿ ಸ್ಟ್ರೂವೆ ಇವರ ಮೆದುಳಿನಲ್ಲಿ ಪ್ಲೇಕ್ (ಪ್ರೋಟೀನ್ ಸೇರಿ ಕಟ್ಟಿದ ಗುಡ್ಡೆ) ಇರುವುದನ್ನು ವರದಿ ಮಾಡಿದ. 1948ರಲ್ಲಿ ಜರ್ವಿಸ್ ಡಿಮೆನ್ಷಿಯಾ ಬಂದಿದ್ದ ಮೂವರನ್ನು ವಿವರಿಸಿದ. 1959ರಲ್ಲಿ ಲೆಜೂನ್, ಗೋತಿಯೆ, ತುರ್ಪಾಂ ಅವರ ತಂಡ ಜೀನುಗಳನ್ನು ಹೊತ್ತ ಎಳೆಗಳಲ್ಲಿ ಒಂದಾದ 21ನೇ ಕ್ರೋಮೋಸೋಮ್ ಇವರಲ್ಲಿ ಎರಡರ ಬದಲು ಮೂರಿದೆ ಎಂದು ತೋರಿಸಿತು.

ಎರಡೂ ಎಳೆಗಳು ಕೂಡಿದ್ದು 1984ರಲ್ಲಿ. ಗ್ಲೆನರ್ ಮತ್ತು ವಾಂಗ್ ಡೌನ್ ಸಿಂಡ್ರೋಮ್ ಇದ್ದವರ ಮೆದುಳಿನಿಂದ ಪ್ಲೇಕ್ ಕಟ್ಟುವ ಅಮೈಲಾಯ್ಡ್ ಪ್ರೋಟೀನನ್ನು ಬೇರ್ಪಡಿಸಿದಾಗ ಅದು ಆಲ್ಝೈಮರ್ ರೋಗಿಗಳಲ್ಲಿ ಸಿಗುವ ಪ್ರೋಟೀನೇ ಆಗಿತ್ತು. ಹಾಗಾದರೆ ಅದರ ಜೀನ್ 21ರಲ್ಲೇ ಇರಬಹುದು ಎಂಬ ಊಹೆ ಹುಟ್ಟಿತು. 1987ರಲ್ಲಿ ಎಪಿಪಿ ಎಂಬ ಆ ಜೀನ್ ಅಲ್ಲೇ ಸಿಕ್ಕಿತು. ಮೂರು ಕ್ರೋಮೋಸೋಮ್ ಎಂದರೆ ಎಪಿಪಿ ಮೂರು ಪ್ರತಿ, ಅಂದರೆ ಒಂದೂವರೆ ಪಟ್ಟು ಉತ್ಪಾದನೆ, ಅದೂ ಹುಟ್ಟುವ ಮೊದಲಿನಿಂದಲೇ.

ಬೇರೆ ಜೀನುಗಳು ಇಲ್ಲಿ ಮುಖ್ಯವಲ್ಲವೇ ಎಂದು ಕೇಳಬಹುದು. ಎರಡು ಕಡೆಯಿಂದ ಬಂದ ಪುರಾವೆ ಎಪಿಪಿಯತ್ತಲೇ ಬೆರಳು ಮಾಡುತ್ತದೆ. 2006ರಲ್ಲಿ ಫ್ರಾನ್ಸಿನ ಐದು ಕುಟುಂಬಗಳ ವರದಿ ಬಂತು. ಅವರಿಗೆ ಡೌನ್ ಸಿಂಡ್ರೋಮ್ ಇರಲಿಲ್ಲ, ಎಪಿಪಿ ಇರುವ ತುಣುಕು ಮಾತ್ರ ಇಮ್ಮಡಿಯಾಗಿತ್ತು. ಅವರಿಗೆ ಚಿಕ್ಕ ವಯಸ್ಸಿನಲ್ಲೇ ಆಲ್ಝೈಮರ್ ಬಂತು. ಇದಕ್ಕೆ ಉಲ್ಟಾ ಉದಾಹರಣೆ 1998ರಲ್ಲಿ ವರದಿಯಾದ 78 ವರ್ಷದ ಒಬ್ಬ ಮಹಿಳೆಯದು. ಅವರಿಗೆ ಡೌನ್ ಸಿಂಡ್ರೋಮ್ ಇತ್ತು, ಆದರೆ 21ರ ಒಂದು ಭಾಗ ಮಾತ್ರ ಮೂರು ಪ್ರತಿಯಾಗಿತ್ತು, ಎಪಿಪಿ ಆ ಭಾಗದಲ್ಲಿರಲಿಲ್ಲ. ಅವರಿಗೆ ಆಲ್ಝೈಮರ್ ಬರಲೇ ಇಲ್ಲ.

ಕಾಲದ ಲೆಕ್ಕ ಹೀಗಿದೆ. ಅಮೈಲಾಯ್ಡಿನ ಮೊದಲ ಗುರುತುಗಳು 12 ವರ್ಷದ ಮಕ್ಕಳ ಮೆದುಳಿನಲ್ಲೂ ಸಿಕ್ಕಿವೆ. 40ರ ಹೊತ್ತಿಗೆ ಹೆಚ್ಚುಕಡಿಮೆ ಎಲ್ಲರ ಮೆದುಳಿನಲ್ಲೂ ಪ್ಲೇಕ್ ಮತ್ತು ಟೌ ಪ್ರೋಟೀನಿನ ಗಂಟುಗಳಿರುತ್ತವೆ. ಆದರೆ ಕಾಯಿಲೆ ಹೊರಗೆ ಕಾಣುವುದು ತಡವಾಗಿ. ಬಾರ್ಸಿಲೋನಾ ಮತ್ತು ಕೇಂಬ್ರಿಡ್ಜಿನ ತಂಡಗಳು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೊದಲ ಲಕ್ಷಣಗಳ ಹಂತವನ್ನು ಗುರುತಿಸಿದ ಮಧ್ಯಕ ವಯಸ್ಸು (ಅರ್ಧ ಜನ ಇದಕ್ಕಿಂತ ಕೆಳಗೆ, ಅರ್ಧ ಮೇಲೆ) 50.2, ಪೂರ್ಣ ಡಿಮೆನ್ಷಿಯಾದ್ದು 53.7. ರಕ್ತ ಮತ್ತು ಬೆನ್ನುಹುರಿಯ ದ್ರವದಲ್ಲಿ ಬದಲಾವಣೆ ಶುರುವಾಗಿದ್ದು ಅದಕ್ಕೆ ಸುಮಾರು ಎರಡು ದಶಕ ಮೊದಲು. ಎಪಿಒಇ-4 ಎಂಬ ಜೀನ್ ರೂಪವೂ ಜೊತೆಗಿದ್ದರೆ ಲಕ್ಷಣಗಳು ಇನ್ನೂ ಬೇಗ ಬರುತ್ತವೆ.

ಈ ಅಂಕಿಗಳನ್ನು ಪೋಷಕರ ಮುಂದೆ ಇಡುವುದು ಹೆದರಿಸಲು ಅಲ್ಲ. 40ಕ್ಕೆ ಪ್ಲೇಕ್, 53ಕ್ಕೆ ಡಿಮೆನ್ಷಿಯಾ ಎಂದರೆ ನಡುವೆ ಹತ್ತು-ಹದಿನೈದು ವರ್ಷ ಮನುಷ್ಯ ಚೆನ್ನಾಗಿಯೇ ಇರುತ್ತಾನೆ ಎಂದರ್ಥ. 38ರಲ್ಲಿ ಕೆಲಸ ನಿಧಾನವಾದರೆ ಅದನ್ನು ಆಲ್ಝೈಮರ್ ತಲೆಗೆ ಕಟ್ಟುವುದು ಬಹಳ ಸಲ ತಪ್ಪು. ಮೂವತ್ತರ ಕೊನೆಯಲ್ಲಿ ಬರುವ ಬದಲಾವಣೆಗೆ ಬೇರೆ ಕಾರಣ ಹುಡುಕುವುದೇ ಮೊದಲ ಕೆಲಸ. ಇನ್ನೂ ಚಿಕ್ಕ ವಯಸ್ಸಿನಲ್ಲಿ, 15-25ರ ನಡುವೆ, ಚೆನ್ನಾಗಿದ್ದವರು ಕೆಲವೇ ವಾರಗಳಲ್ಲಿ ಮಾತು ಬಿಟ್ಟು, ಊಟ ಬಿಟ್ಟು, ಒಂದೇ ಭಂಗಿಯಲ್ಲಿ ನಿಂತುಬಿಟ್ಟರೆ ಅದು ಬೇರೆಯೇ ಸಮಸ್ಯೆ. ಅದನ್ನು ರಿಗ್ರೆಷನ್ ಡಿಸಾರ್ಡರ್ ಎನ್ನುತ್ತಾರೆ. ಲೊರಾಜೆಪಾಮ್‌ನಂಥ ಔಷಧಕ್ಕೆ ಅಥವಾ ರೋಗನಿರೋಧಕ ವ್ಯವಸ್ಥೆಯ ಮೇಲೆ ಕೆಲಸ ಮಾಡುವ ಚಿಕಿತ್ಸೆಗೆ ಅವರಲ್ಲಿ ಹಲವರು ಸ್ಪಂದಿಸುತ್ತಾರೆ. "ವಯಸ್ಸಾಯ್ತು" ಎಂದು ಮನೆಯಲ್ಲಿ ಕೂರಿಸಿಕೊಳ್ಳುವ ವಿಷಯ ಅದಲ್ಲ.

ಚೆನ್ನಾಗಿರುವಾಗಲೇ ದಾಖಲೆ

ಸಾಮಾನ್ಯ ಜನರಲ್ಲಿ ಡಿಮೆನ್ಷಿಯಾ ನೋಡಲು ಬಳಸುವ ಎಂಎಂಎಸ್‌ಇ ಪರೀಕ್ಷೆ 30 ಅಂಕದ್ದು. ಇವತ್ತು ಯಾವ ವಾರ, ನೂರರಿಂದ ಏಳು ಕಳೆಯುತ್ತಾ ಬನ್ನಿ, ಈ ಚಿತ್ರ ನಕಲು ಮಾಡಿ, ಹೀಗೆ. ಡೌನ್ ಸಿಂಡ್ರೋಮ್ ಇರುವ ಆರೋಗ್ಯವಂತ ವ್ಯಕ್ತಿಯೂ ಇದರಲ್ಲಿ 24ರ ಕೆಳಗೆ ಬರಬಹುದು. ಆ ಅಂಕ ನೋಡಿ ಡಿಮೆನ್ಷಿಯಾ ಎಂದರೂ ತಪ್ಪು, "ಇವರಿಗೆ ಮೊದಲಿಂದಲೂ ಹೀಗೇ" ಎಂದು ಬಿಟ್ಟರೂ ತಪ್ಪು. ಎರಡನೆಯ ತಪ್ಪೇ ಹೆಚ್ಚು. ಹೊಸದಾಗಿ ಬಂದ ಏನನ್ನೇ ಆಗಲಿ ಡೌನ್ ಸಿಂಡ್ರೋಮ್ ಖಾತೆಗೆ ಬರೆದುಬಿಡುವ ಅಭ್ಯಾಸ ಮನೆಗಳಲ್ಲೂ ಇದೆ, ಕ್ಲಿನಿಕ್ಕುಗಳಲ್ಲೂ ಇದೆ.

ಹೋಲಿಸಬೇಕಾದದ್ದು ಆ ವ್ಯಕ್ತಿಯನ್ನು ಅದೇ ವ್ಯಕ್ತಿಯ ಹಿಂದಿನ ಸ್ಥಿತಿಯೊಂದಿಗೆ. ಹಿಂದಿನ ಸ್ಥಿತಿ ಎಲ್ಲೋ ಬರೆದಿರಬೇಕಲ್ಲ? ಐವತ್ತಾದಾಗ ಕರೆದುಕೊಂಡು ಬರುವವರು ಬಹಳ ಸಲ ಅಣ್ಣನೋ ಅತ್ತಿಗೆಯೋ ಆಗಿರುತ್ತಾರೆ. ಮೂವತ್ತರಲ್ಲಿ ಅವರಿಗೆ ಏನೇನು ಬರುತ್ತಿತ್ತು ಎಂದು ತಿಳಿದಿದ್ದ ಅಮ್ಮ ಅಷ್ಟರಲ್ಲಿ ತೀರಿಕೊಂಡಿರುತ್ತಾರೆ. ಆದ್ದರಿಂದ 30ರ ಸುಮಾರಿಗೆ, ತಡವಾದರೆ 35ರೊಳಗೆ, ಒಂದು ಮೂಲ ದಾಖಲೆ ಮಾಡಿಡಿ. 40ರಿಂದ ವರ್ಷಕ್ಕೊಮ್ಮೆ ಅದನ್ನು ನವೀಕರಿಸಿ. ಡೌನ್ ಸಿಂಡ್ರೋಮ್ ಇರುವ ವಯಸ್ಕರಿಗಾಗಿ 2020ರಲ್ಲಿ ಬಂದ ಅಂತರರಾಷ್ಟ್ರೀಯ ಮಾರ್ಗಸೂಚಿಯೂ 40ರಿಂದ ವರ್ಷಕ್ಕೊಮ್ಮೆ ತಪಾಸಣೆ ಎನ್ನುತ್ತದೆ.

ಇದಕ್ಕೆ ಎರಡು ಸಾಧನಗಳು ಸಾಕು. ಒಂದು ಪ್ರಶ್ನಾವಳಿ. ಎನ್‌ಟಿಜಿ-ಇಡಿಎಸ್‌ಡಿ ಎಂಬುದು ಉಚಿತವಾಗಿ ಸಿಗುತ್ತದೆ. ಕನಿಷ್ಠ ಆರು ತಿಂಗಳಿಂದ ವ್ಯಕ್ತಿಯನ್ನು ಹತ್ತಿರದಿಂದ ಬಲ್ಲವರು ಅದನ್ನು ತುಂಬಬೇಕು. ಪ್ರತಿ ಸಾಲಿಗೂ "ಮೊದಲಿಂದಲೂ ಹೀಗೇ", "ಮೊದಲಿಂದ ಇದ್ದದ್ದು ಈಗ ಹೆಚ್ಚಾಗಿದೆ", "ಹೊಸದು", "ಇಲ್ಲ" ಎಂಬ ನಾಲ್ಕರಲ್ಲಿ ಒಂದು ಉತ್ತರ. ಈ ನಾಲ್ಕು ಕಾಲಂಗಳಲ್ಲೇ ಅದರ ಜಾಣತನವಿದೆ. ಅದರಿಂದ ರೋಗ ನಿರ್ಣಯ ಆಗುವುದಿಲ್ಲ, ಡಾಕ್ಟರ ಬಳಿ ಯಾವಾಗ ಹೋಗಬೇಕು ಎಂಬುದು ಗೊತ್ತಾಗುತ್ತದೆ.

ಇನ್ನೊಂದು, ಫೋನಿನಲ್ಲಿ ವಿಡಿಯೋ. ವರ್ಷಕ್ಕೊಮ್ಮೆ, ಹುಟ್ಟುಹಬ್ಬದ ವಾರದಲ್ಲಿ ಅಂತ ಇಟ್ಟುಕೊಂಡರೆ ಮರೆಯುವುದಿಲ್ಲ. ಪ್ರತಿ ವರ್ಷ ಅವೇ ಕೆಲಸಗಳನ್ನು, ಅದೇ ಕ್ರಮದಲ್ಲಿ ಮಾಡಿಸಿ. ಪಡಸಾಲೆಯ ಒಂದು ತುದಿಯಿಂದ ಇನ್ನೊಂದಕ್ಕೆ ನಡೆದು, ತಿರುಗಿ ಬರುವುದು. ನಾಲ್ಕು ಮೆಟ್ಟಿಲು ಹತ್ತಿ ಇಳಿಯುವುದು. ಅಂಗಿಯ ಗುಂಡಿ ಹಾಕುವುದು, ಚಪ್ಪಲಿ ಸರಿಯಾದ ಕಾಲಿಗೆ ಮೆಟ್ಟುವುದು. ತನ್ನ ಹೆಸರು ಬರೆಯುವುದು, ಬರೆಯಲು ಬಾರದವರಾದರೆ ತಾವು ಎಂದಿನಂತೆ ಗೀಚುವುದು. ಚಪಾತಿಯನ್ನು ಮುರಿದು ಪಲ್ಯ ಹಿಡಿದು ಬಾಯಿಗಿಡುವುದು. ಆಲ್ಬಮ್ಮಿನ ಮದುವೆ ಫೋಟೋ ತೋರಿಸಿ ಇವರು ಯಾರು ಎಂದು ಕೇಳುವುದು. ಎರಡು ಮಾತಿನ ಸೂಚನೆ ಕೊಡುವುದು: "ಮೇಜಿನ ಮೇಲಿನ ಚಮಚ ತಗೊಂಡು ಅಕ್ಕನಿಗೆ ಕೊಡು." ಮತ್ತು ಅವರಿಗೆ ಇಷ್ಟವಾದ ಒಂದು ಹಾಡು. ಐದಾರು ನಿಮಿಷ ಸಾಕು. ಸಹಾಯ ಮಾಡಬೇಡಿ, ಬಾಯಲ್ಲಿ ಉತ್ತರ ಹೇಳಿಕೊಡಬೇಡಿ. ಅಮ್ಮಂದಿರು ಪಿಸುಗುಟ್ಟದೆ ಇರಲಾರರು, ಅವರನ್ನು ಅಡುಗೆಮನೆಗೆ ಕಳಿಸಿ. ಫೈಲಿನ ಹೆಸರಿಗೆ ತಾರೀಖು ಹಾಕಿ, ಎರಡು ಕಡೆ ಉಳಿಸಿ. ನರರೋಗ ತಜ್ಞರ ಮುಂದೆ ಈ ವಿಡಿಯೋ ಎಂಆರ್‌ಐಗಿಂತ ಹೆಚ್ಚು ಮಾತಾಡುತ್ತದೆ.

ಏನು ನೋಡಬೇಕು? ಸಾಮಾನ್ಯ ಆಲ್ಝೈಮರ್‌ನಲ್ಲಿ ಮನೆಯವರು ಮೊದಲು ಹೇಳುವುದು ಮರೆವಿನ ಬಗ್ಗೆ. ಇಲ್ಲಿ ಮೊದಲು ಬದಲಾಗುವುದು ಎಷ್ಟೋ ಸಲ ಸ್ವಭಾವ. ಮಾತಿನ ಮಲ್ಲ ಸುಮ್ಮನಾಗುತ್ತಾನೆ, ಹಬ್ಬಕ್ಕೆ ಕುಣಿಯುತ್ತಿದ್ದವಳು ಮೂಲೆಯಲ್ಲಿ ಕೂರುತ್ತಾಳೆ, ಹಟ ಹೆಚ್ಚುತ್ತದೆ. ಕೆಲಸದ ಹಂತಗಳು ತಪ್ಪುತ್ತವೆ: ಸ್ನಾನಕ್ಕೆ ಹೋಗಿ ಸೋಪು ಹಚ್ಚದೆ ಬರುವುದು, ಟವೆಲ್ ಕೈಯಲ್ಲಿ ಹಿಡಿದು ಮುಂದೇನು ಎಂದು ನಿಂತುಬಿಡುವುದು. ಮೆಟ್ಟಿಲಿನ ಮುಂದೆ, ನೆಲದ ಬಣ್ಣ ಬದಲಾಗುವಲ್ಲಿ ಹೆದರಿ ನಿಲ್ಲುವುದು. ಹಗಲು ನಿದ್ದೆ, ರಾತ್ರಿ ಓಡಾಟ.

ಡಿಮೆನ್ಷಿಯಾದಂತೆ ಕಾಣುವ, ಗುಣವಾಗುವ ಸಮಸ್ಯೆಗಳು

ಇಂದಿನ ಮಾತಿನಲ್ಲಿ ಒಂದೇ ಭಾಗ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಮೇಲೆ ಹೇಳಿದ ಪ್ರತಿಯೊಂದು ಬದಲಾವಣೆಯೂ ಚಿಕಿತ್ಸೆ ಇರುವ ಇನ್ನೊಂದು ಕಾರಣದಿಂದ ಬರಬಹುದು. ಡೌನ್ ಸಿಂಡ್ರೋಮ್ ಇರುವವರಲ್ಲಿ ಆ ಕಾರಣಗಳು ಬೇರೆಯವರಿಗಿಂತ ಹೆಚ್ಚು.

ಥೈರಾಯ್ಡ್ ಮೊದಲು. ಹೈಪೋಥೈರಾಯ್ಡಿಸಂ (ಥೈರಾಯ್ಡ್ ಹಾರ್ಮೋನ್ ಕೊರತೆ) ಬಂದರೆ ಮಂಕು, ನಿಧಾನ, ಮಲಬದ್ಧತೆ, ತೂಕ ಏರಿಕೆ. ಟಿಎಸ್‌ಎಚ್ ರಕ್ತಪರೀಕ್ಷೆಯನ್ನು ಒಂದೆರಡು ವರ್ಷಕ್ಕೊಮ್ಮೆ, ಲಕ್ಷಣವಿದ್ದರೆ ತಕ್ಷಣ ಮಾಡಿಸಿ. ಥೈರಾಕ್ಸಿನ್ ಮಾತ್ರೆ ನುಂಗುತ್ತಿದ್ದರೂ ಡೋಸ್ ಸಾಲದೆ ಹೋಗಬಹುದು. ಕಾಫಿ ಜೊತೆ, ಕ್ಯಾಲ್ಸಿಯಂ ಅಥವಾ ಕಬ್ಬಿಣದ ಮಾತ್ರೆ ಜೊತೆ ನುಂಗಿಸಿದರೆ ಥೈರಾಕ್ಸಿನ್ ಸರಿಯಾಗಿ ಹೀರಿಕೆಯಾಗುವುದಿಲ್ಲ. ಬರೀ ಹೊಟ್ಟೆಯಲ್ಲಿ ನೀರಿನೊಂದಿಗೆ ಕೊಟ್ಟು ಅರ್ಧದಿಂದ ಒಂದು ಗಂಟೆ ಬಿಡಿ. ಕ್ಯಾಲ್ಸಿಯಂ, ಕಬ್ಬಿಣದ್ದಕ್ಕೆ ನಾಲ್ಕು ಗಂಟೆ ಅಂತರ ಬೇಕು.

ಕಿವಿ ಮತ್ತು ಕಣ್ಣು. ಇವರ ಕಿವಿಯ ನಾಳ ಕಿರಿದು, ಗುಗ್ಗೆ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಕರೆದರೆ ಓಗೊಡುವುದಿಲ್ಲ ಎಂಬ ದೂರಿಗೆ ಇಎನ್‌ಟಿ ಡಾಕ್ಟರು ಗುಗ್ಗೆ ತೆಗೆದರೇ ಪರಿಹಾರ ಸಿಕ್ಕಿದ್ದಿದೆ. ಕಣ್ಣಿನ ಪೊರೆ ಬೇಗ ಬರುತ್ತದೆ, ಕಾರ್ನಿಯಾ ಶಂಕುವಿನಾಕಾರಕ್ಕೆ ತಿರುಗುವ ಕೆರಟೋಕೋನಸ್ ಕೂಡ ಹೆಚ್ಚು. ಕಾಣದವರು ಮೆಟ್ಟಿಲಿಗೆ ಹೆದರದೆ ಇನ್ನೇನು ಮಾಡಿಯಾರು? ತಾವಾಗಿಯೇ ಕಣ್ಣು ಕಾಣುತ್ತಿಲ್ಲ ಎಂದು ಅವರು ದೂರುವುದು ಅಪರೂಪ.

ನಿದ್ದೆಯಲ್ಲಿ ಉಸಿರು ಕಟ್ಟುವುದು. ವಯಸ್ಕರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಸ್ಲೀಪ್ ಆಪ್ನಿಯಾ ಇದೆ. ಗೊರಕೆ, ನಡುವೆ ಉಸಿರು ನಿಂತು ಮತ್ತೆ ಎಳೆಯುವುದು, ಕುಳಿತೇ ಮಲಗುವುದು, ಹಗಲಲ್ಲಿ ತೂಕಡಿಕೆ ಮತ್ತು ಸಿಡುಕು. ಸ್ಲೀಪ್ ಸ್ಟಡಿ ಮಾಡಿಸಿ. ಮಾಸ್ಕಿನ ಮೂಲಕ ಗಾಳಿ ಒತ್ತುವ ಸಿಪ್ಯಾಪ್ ಯಂತ್ರ ಹೇಳಿದರೆ ಮೊದಲ ದಿನವೇ ರಾತ್ರಿಯಿಡೀ ಕಟ್ಟಬೇಡಿ, ಕಿತ್ತೆಸೆಯುತ್ತಾರೆ. ಹಗಲು ಟಿವಿ ನೋಡುವಾಗ ಮಾಸ್ಕ್ ಮಾತ್ರ ಹತ್ತು ನಿಮಿಷ ಹಾಕಿ, ಕೆಲವು ದಿನ ಬಿಟ್ಟು ಗಾಳಿ ಹಾಯಿಸಿ, ಆಮೇಲೆ ರಾತ್ರಿಗೆ ಹೋಗಿ.

ಖಿನ್ನತೆ. ತಂದೆ ತಾಯಿ ತೀರಿಕೊಂಡ, ಮನೆ ಬದಲಾದ, ತಂಗಿ ಮದುವೆಯಾಗಿ ಹೋದ ನಂತರದ ತಿಂಗಳುಗಳನ್ನು ಗಮನಿಸಿ. ಸಾವಿನ ಮನೆಯಿಂದ ಅವರನ್ನು ದೂರ ಕಳಿಸಿ "ಅಪ್ಪ ಊರಿಗೆ ಹೋಗಿದ್ದಾರೆ" ಎನ್ನುವುದು ನಮ್ಮಲ್ಲಿ ಸಾಮಾನ್ಯ. ದುಃಖ ಅದರಿಂದ ಕಡಿಮೆಯಾಗುವುದಿಲ್ಲ, ಅರ್ಥವಾಗದ ದುಃಖವಾಗುತ್ತದೆ.

ಬಿ12 ಕೊರತೆ, ವಿಶೇಷವಾಗಿ ಸಸ್ಯಾಹಾರಿ ಮನೆಗಳಲ್ಲಿ. ಗ್ಲುಟೆನ್ ಒಗ್ಗದ ಸೀಲಿಯಾಕ್ ಕಾಯಿಲೆಯೂ ಇವರಲ್ಲಿ ಹೆಚ್ಚು, ಅದರಿಂದ ರಕ್ತಹೀನತೆ, ತೂಕ ಇಳಿಕೆ. ಮಹಿಳೆಯರಲ್ಲಿ ಮುಟ್ಟು ನಿಲ್ಲುವುದು ಕೆಲವು ವರ್ಷ ಬೇಗ. ಹಲ್ಲುನೋವು, ಮಲಬದ್ಧತೆ, ಮೂತ್ರದ ಸೋಂಕು ಇವನ್ನು ಹೇಳಲಾಗದವರು ಕೋಪದಲ್ಲಿ ತೋರಿಸುತ್ತಾರೆ. ಎರಡು ಮೂರು ದಿನದಲ್ಲೇ ಗೊಂದಲ ಏರಿದರೆ ಅದು ಡಿಮೆನ್ಷಿಯಾ ವೇಗವಲ್ಲ, ಸೋಂಕನ್ನೇ ಮೊದಲು ಹುಡುಕಬೇಕು.

ಕುತ್ತಿಗೆಯ ಮೇಲ್ಭಾಗದ ಎರಡು ಎಲುಬುಗಳ ನಡುವಿನ ಸಡಿಲ ಇನ್ನೊಂದು. ನಡಿಗೆ ತೊಡರುವುದು, ಕೈ ಬಲ ಕುಗ್ಗುವುದು, ಹೊಸದಾಗಿ ಬಟ್ಟೆ ಒದ್ದೆ ಮಾಡಿಕೊಳ್ಳುವುದು ಒಟ್ಟಿಗೆ ಬಂದರೆ ಬೆನ್ನುಹುರಿ ಒತ್ತಿಕೊಂಡಿರಬಹುದು. ಇದು ತುರ್ತು. ಅರಿವಳಿಕೆ ಕೊಡಬೇಕಾದ ಯಾವ ಆಪರೇಷನ್ನಿಗೂ ಮೊದಲು ಅರಿವಳಿಕೆ ತಜ್ಞರಿಗೆ ಡೌನ್ ಸಿಂಡ್ರೋಮ್ ಮತ್ತು ಕುತ್ತಿಗೆಯ ವಿಷಯ ಹೇಳಿ.

ಕೊನೆಯದಾಗಿ ಮಾತ್ರೆಗಳ ಡಬ್ಬಿ. ಹಟಕ್ಕೆಂದು ರಿಸ್ಪೆರಿಡಾನ್, ಅದರ ಬಿಗಿತಕ್ಕೆಂದು ಟ್ರೈಹೆಕ್ಸಿಫೆನಿಡಿಲ್, ಮೂತ್ರಕ್ಕೆಂದು ಆಕ್ಸಿಬ್ಯುಟಿನಿನ್, ನಿದ್ದೆಗೆಂದು ಅಮಿಟ್ರಿಪ್ಟಿಲಿನ್, ನೆಗಡಿಗೆಂದು ಕ್ಲೋರ್‌ಫೆನಿರಮಿನ್. ರಿಸ್ಪೆರಿಡಾನ್ ಮಂಪರು ಮತ್ತು ಬಿಗಿತ ತರುತ್ತದೆ. ಉಳಿದವೆಲ್ಲ ಮೆದುಳಿನ ಅಸಿಟೈಲ್‌ಕೋಲಿನ್‌ಗೆ ಅಡ್ಡಿ ಮಾಡುತ್ತವೆ, ನೆನಪಿಗೆ ಬೇಕಾದದ್ದೇ ಅದು. ವರ್ಷಗಟ್ಟಲೆ ಹಳೆಯ ಚೀಟಿಯನ್ನೇ ಮೆಡಿಕಲ್ ಶಾಪಿನಲ್ಲಿ ತೋರಿಸಿ ತರುವ ಮನೆಗಳಲ್ಲಿ ಈ ಪಟ್ಟಿ ಬೆಳೆಯುತ್ತಲೇ ಇರುತ್ತದೆ. ನೀವಾಗಿಯೇ ನಿಲ್ಲಿಸಬೇಡಿ, ಡಾಕ್ಟರ ಮುಂದೆ ಎಲ್ಲ ಮಾತ್ರೆಗಳ ಸ್ಟ್ರಿಪ್ಪುಗಳನ್ನೂ ಸುರಿಯಿರಿ.

ಬೆಳಗಿನ ಲೋಟ ಕೈಜಾರುವುದು

ನಲವತ್ತೈದು ದಾಟಿದವರಲ್ಲಿ ಒಂದು ಲಕ್ಷಣವನ್ನು ಬೇರೆಯಾಗಿ ಹೇಳಬೇಕು. ಬೆಳಿಗ್ಗೆ ಎದ್ದ ಅರ್ಧ ಗಂಟೆಯೊಳಗೆ ಕೈ ಥಟ್ಟನೆ ಎಗರುವುದು, ಹಲ್ಲುಜ್ಜುವ ಬ್ರಷ್ ಅಥವಾ ಕಾಫಿ ಲೋಟ ಹಾರಿಬೀಳುವುದು. ಮನೆಯವರು ಅಜಾಗರೂಕತೆ ಎಂದು ಬೈಯುತ್ತಾರೆ. ಇದು ಮಯೋಕ್ಲೋನಸ್ ಇರಬಹುದು, ಈ ವಯಸ್ಸಿನ ಇವರಲ್ಲಿ ಅದು ಬಹಳ ಸಲ ಮೂರ್ಛೆಯ ಒಂದು ಬಗೆ. ಡೌನ್ ಸಿಂಡ್ರೋಮ್ ಜೊತೆ ಆಲ್ಝೈಮರ್ ಬಂದವರಲ್ಲಿ ಅರ್ಧದಷ್ಟು ಅಥವಾ ಹೆಚ್ಚು ಮಂದಿಗೆ ಫಿಟ್ಸ್ ಬರುತ್ತದೆ, ಬಂದ ಮೇಲೆ ಇಳಿಜಾರು ಕಡಿದಾಗುತ್ತದೆ. ವಿಡಿಯೋ ಮಾಡಿ, ಇಇಜಿ (ಮೆದುಳಿನ ವಿದ್ಯುತ್ ಅಲೆಗಳ ಪರೀಕ್ಷೆ) ಮಾಡಿಸಿ. ಸಾಮಾನ್ಯವಾಗಿ ಲೆವೆಟಿರಾಸಿಟಮ್ ಕೊಡುತ್ತಾರೆ, ಅದರಿಂದ ಸಿಡುಕು ಬಂದರೆ ಡಾಕ್ಟರಿಗೆ ಹೇಳಿ. ಫೆನಿಟಾಯಿನ್, ಕಾರ್ಬಮಜೆಪಿನ್ ಈ ಬಗೆಯ ಎಗರುವಿಕೆಯನ್ನು ಹೆಚ್ಚಿಸಬಹುದು. ಆದ್ದರಿಂದ "ಫಿಟ್ಸ್ ಬಂತು" ಎಂದಷ್ಟೇ ಹೇಳದೆ ಯಾವ ಹೊತ್ತಿಗೆ, ಹೇಗೆ ಎಂದು ಹೇಳುವುದು ಔಷಧದ ಆಯ್ಕೆಯನ್ನೇ ಬದಲಿಸುತ್ತದೆ.

ಔಷಧದಿಂದ ಎಷ್ಟು?

ಕಡಿಮೆ. ಆಲ್ಝೈಮರ್‌ಗೆ ಕೊಡುವ ಡೊನೆಪೆಜಿಲ್ ಮಾತ್ರೆ ಕೆಲವರಿಗೆ ಒಂದಷ್ಟು ಕಾಲ ನೆರವಾಗುತ್ತದೆ. ಸಾಮಾನ್ಯರಿಗೆ 5 ಮಿ.ಗ್ರಾಂ.ನಿಂದ ಶುರುಮಾಡುವುದನ್ನು ಇವರಿಗೆ 2.5ರಿಂದ ಶುರುಮಾಡುವುದು ಜಾಣತನ. ಭೇದಿ, ಹಸಿವಿಲ್ಲದಿರುವುದು, ಮೂತ್ರ ತಡೆಯಲಾಗದಿರುವುದು ಇವರಲ್ಲಿ ಬೇಗ ಕಾಣುತ್ತವೆ. ನಾಡಿ ಬಡಿತ ನಿಧಾನವಾಗಬಹುದು, ಅದಕ್ಕೆ ಮೊದಲೇ ಇಸಿಜಿ. ಅದೇ ಕಾಯಿಲೆಯ ಇನ್ನೊಂದು ಮಾತ್ರೆ ಮೆಮಾಂಟಿನ್ ಬಗ್ಗೆ 40 ದಾಟಿದವರ ಮೇಲೆ ನಡೆದ ಪ್ರಯೋಗದ ಫಲಿತಾಂಶ 2012ರಲ್ಲಿ ಬಂತು, ಪ್ರಯೋಜನ ಕಾಣಲಿಲ್ಲ.

ಅಮೈಲಾಯ್ಡನ್ನು ತೆಗೆಯುವ ಲೆಕಾನೆಮ್ಯಾಬ್‌ನಂಥ ಹೊಸ ಚುಚ್ಚುಮದ್ದುಗಳ ಬಗ್ಗೆ ವಾಟ್ಸಾಪಿನಲ್ಲಿ ಓದಿರುತ್ತೀರಿ. ಅವುಗಳ ದೊಡ್ಡ ಪ್ರಯೋಗಗಳಲ್ಲಿ ಡೌನ್ ಸಿಂಡ್ರೋಮ್ ಇರುವವರನ್ನು ಸೇರಿಸಿರಲಿಲ್ಲ. ಇವರ ಮೆದುಳಿನ ರಕ್ತನಾಳಗಳ ಗೋಡೆಯಲ್ಲೂ ಅಮೈಲಾಯ್ಡ್ ಕೂತಿರುತ್ತದೆ. ಔಷಧ ಅದಕ್ಕೂ ಅಂಟಿಕೊಳ್ಳುತ್ತದೆ ಎಂದು 2024ರಲ್ಲಿ ಮೃತರ ಮೆದುಳಿನ ಅಂಗಾಂಶದ ಮೇಲಿನ ಅಧ್ಯಯನ ತೋರಿಸಿತು. ಮೆದುಳಿನಲ್ಲಿ ಊತ, ರಕ್ತಸ್ರಾವದ ಅಪಾಯ ಇಲ್ಲಿಂದ. ಇವರಿಗೇ ಆದ ಪ್ರಯೋಗ ಮುಗಿಯುವ ಮೊದಲು ಹಣ ಕೊಟ್ಟು ಹಾಕಿಸಿಕೊಳ್ಳುವುದು ನನ್ನ ದೃಷ್ಟಿಯಲ್ಲಿ ದುಡುಕು.

ಮನೆಯಲ್ಲಿ ಬದಲಿಸಬೇಕಾದದ್ದು

ಬ್ರಿಟನ್ನಿನ ಒಂದು ಅಧ್ಯಯನದಲ್ಲಿ ಡಿಮೆನ್ಷಿಯಾ ಖಚಿತವಾದ ಮೇಲೆ ಬದುಕಿದ ಮಧ್ಯಕ ಅವಧಿ ಸುಮಾರು ನಾಲ್ಕು ವರ್ಷ. ನ್ಯುಮೋನಿಯಾ ಸಾವಿನ ಮುಖ್ಯ ಕಾರಣಗಳಲ್ಲೊಂದು, ಅದಕ್ಕೆ ದಾರಿ ಮಾಡುವುದು ನುಂಗುವ ತೊಂದರೆ. ಆದ್ದರಿಂದ ಊಟದ ಮಾತು.

ನೀರು, ತಿಳಿಸಾರು, ಮಜ್ಜಿಗೆ ಕುಡಿಯುವಾಗ ಕೆಮ್ಮು, ಊಟದ ನಂತರ ಗಂಟಲಲ್ಲಿ ಗೊರಗೊರ ಸದ್ದು, ಪದೇಪದೇ ಕಫ ಕಟ್ಟುವುದು ಇದ್ದರೆ ಸ್ಪೀಚ್ ಥೆರಪಿಸ್ಟರಿಂದ ನುಂಗುವಿಕೆಯ ಪರೀಕ್ಷೆ ಮಾಡಿಸಿ. ತೆಳ್ಳನೆಯ ದ್ರವ ಅನ್ನನಾಳಕ್ಕಿಂತ ಶ್ವಾಸನಾಳಕ್ಕೆ ಬೇಗ ಜಾರುತ್ತದೆ. ನಮ್ಮ ಸಾರನ್ನದ ಕಷ್ಟವೆಂದರೆ ನೀರೂ ಅಗುಳೂ ಬೇರೆ ಬೇರೆ ವೇಗದಲ್ಲಿ ಇಳಿಯುವುದು. ಅನ್ನವನ್ನು ಬೇಳೆಯೊಂದಿಗೆ ಮೆತ್ತಗೆ ಹಿಸುಕಿ ಒಂದೇ ಹದಕ್ಕೆ ತನ್ನಿ. ರಾಗಿ ಗಂಜಿ ಒಳ್ಳೆಯದು. ಅಗಿಯದೆ ನುಂಗುವ ಮುದ್ದೆ ಬೇಡ. ಮಂಡಕ್ಕಿ, ಒಣ ಅವಲಕ್ಕಿ, ಕಡಲೆಕಾಯಿ ಕೂಡ ಬೇಡ. ಬೆನ್ನು ನೇರ, ಪಾದ ನೆಲಕ್ಕೆ, ಗದ್ದ ಸ್ವಲ್ಪ ಕೆಳಗೆ. ಚಿಕ್ಕ ಚಮಚ, ಒಂದು ತುತ್ತು ಇಳಿದ ಮೇಲೆ ಇನ್ನೊಂದು. ಊಟದ ನಂತರ ಅರ್ಧ ಗಂಟೆ ಕುಳಿತೇ ಇರಲಿ. ಮಲಗಿಸಿ ತಿನ್ನಿಸಬೇಡಿ. ಬಾಯಿಯ ಸ್ವಚ್ಛತೆಯೂ ನ್ಯುಮೋನಿಯಾ ತಡೆಯುತ್ತದೆ: ದಿನಕ್ಕೆ ಎರಡು ಸಲ ಬ್ರಷ್. ತಿಂಗಳಿಗೊಮ್ಮೆ ತೂಕ ಬರೆದಿಡಿ.

ನೆಲದ ಬಗ್ಗೆ. ಆಳ ಅಂದಾಜಿಸುವ ಶಕ್ತಿ ಕುಗ್ಗಿದಾಗ ತಿಳಿ ಟೈಲ್ಸ್ ಮೇಲಿನ ಕಪ್ಪು ಕಾಲೊರಸು ಗುಂಡಿಯಂತೆ ಕಾಣುತ್ತದೆ, ಹೊಳೆಯುವ ಗ್ರಾನೈಟ್ ನೀರಿನಂತೆ. ಕಾಲೊರಸು ತೆಗೆಯಿರಿ. ಹೊಸ್ತಿಲಿಗೆ ಎದ್ದುಕಾಣುವ ಬಣ್ಣದ ಪಟ್ಟಿ ಅಂಟಿಸಿ. ಬಿಳಿ ಬಚ್ಚಲಲ್ಲಿ ಬಿಳಿ ಕಮೋಡ್ ಕಾಣದು, ಸೀಟಿಗೆ ಗಾಢ ಬಣ್ಣದ್ದು ಹಾಕಿಸಿ.

"ಅಮ್ಮ ಎಲ್ಲಿ?" ಎಂಬ ಪ್ರಶ್ನೆ ದಿನಕ್ಕೆ ಹತ್ತು ಸಲ ಬರುತ್ತದೆ. ಪ್ರತಿ ಸಲ "ಸತ್ತುಹೋದರು" ಎಂದರೆ ಪ್ರತಿ ಸಲವೂ ಅದು ಅವರಿಗೆ ಹೊಸ ಸುದ್ದಿ. ಸಾವನ್ನು ಮುಚ್ಚಿಡಬೇಡಿ ಎಂದು ಮೇಲೆ ಹೇಳಿದ ಮಾತಿಗೆ ಇಲ್ಲಿ ವಿರೋಧ ಕಾಣಬಹುದು, ಆದರೆ ಸ್ಥಿತಿ ಬೇರೆ. ಅರ್ಥ ಮಾಡಿಕೊಂಡು ನೆನಪಿಟ್ಟುಕೊಳ್ಳಬಲ್ಲವರಿಗೆ ಸತ್ಯ ಬೇಕು. ನೆನಪು ನಿಲ್ಲದವರಿಗೆ "ಅಮ್ಮನ ನೆನಪಾಯ್ತಾ? ಅಮ್ಮ ಹಬ್ಬಕ್ಕೆ ಏನು ಮಾಡ್ತಿದ್ರು ಹೇಳು" ಎಂದು ಅಮ್ಮನ ಬಗ್ಗೆಯೇ ಮಾತಾಡಿ.

ಕಾಗದಪತ್ರವನ್ನೂ ಬೇಗ ಮುಗಿಸಿ. ಮಗನಿಗೋ ಮಗಳಿಗೋ 18 ತುಂಬಿದ ಮೇಲೆ ತಂದೆ ತಾಯಿ ತಾವಾಗಿಯೇ ಕಾನೂನು ಪೋಷಕರಾಗಿ ಉಳಿಯುವುದಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲೆಯ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕಬೇಕು. ಮುಂದೆ ನೋಡಿಕೊಳ್ಳುವ ತಮ್ಮನನ್ನೋ ಅಕ್ಕನನ್ನೋ ಈಗಲೇ ಮಾತಿಗೆ ಕೂರಿಸಿ. ಅದೇ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆ ಒಂದು ಲಕ್ಷ ರೂಪಾಯಿವರೆಗಿನದು.

ಉಳಿದ ಸ್ಥಿತಿಗಳು

ಫ್ರಜೈಲ್ ಎಕ್ಸ್ ನಂಟು ವಿಚಿತ್ರವಾದದ್ದು. ಎಫ್‌ಎಂಆರ್1 ಜೀನಿನಲ್ಲಿ ಸಿಜಿಜಿ ಎಂಬ ಮೂರಕ್ಷರ 200ಕ್ಕಿಂತ ಹೆಚ್ಚು ಸಲ ಮರುಕಳಿಸಿದರೆ ಮಗುವಿಗೆ ಬೌದ್ಧಿಕ ಅಂಗವೈಕಲ್ಯ. 55ರಿಂದ 200 ಇದ್ದರೆ ಬಾಲ್ಯದಲ್ಲಿ ಬಹುತೇಕ ಏನೂ ಕಾಣದು, ಆದರೆ 50 ದಾಟಿದ ಮೇಲೆ ಕೈ ನಡುಕ, ತೂರಾಡುವ ನಡಿಗೆ, ನಿಧಾನಕ್ಕೆ ಅರಿವಿನ ಕುಸಿತ ಬರಬಹುದು. ಇದನ್ನು ಎಫ್‌ಎಕ್ಸ್‌ಟಿಎಎಸ್ ಎನ್ನುತ್ತಾರೆ. ಗಂಡಸರಲ್ಲಿ ಇದು ಹೆಚ್ಚು. ಅಂದರೆ ಮಗುವಿಗೆ ಫ್ರಜೈಲ್ ಎಕ್ಸ್ ಎಂದು ಗೊತ್ತಾದ ಮನೆಯಲ್ಲಿ, ಪಾರ್ಕಿನ್ಸನ್ ಎಂದು ಮಾತ್ರೆ ನುಂಗುತ್ತಿರುವ ತಾಯಿಯ ತಂದೆಯನ್ನು ಇನ್ನೊಮ್ಮೆ ಪರೀಕ್ಷಿಸಬೇಕು. 22ನೇ ಕ್ರೋಮೋಸೋಮಿನ ತುಣುಕು ಕಳೆದುಹೋದವರಲ್ಲಿ ಪಾರ್ಕಿನ್ಸನ್ ಚಿಕ್ಕ ವಯಸ್ಸಿನಲ್ಲಿ ಬರುವ ಸಂಭವ ಹೆಚ್ಚು.

ಆಟಿಸಂ, ಎಡಿಎಚ್‌ಡಿ ವಿಷಯದಲ್ಲಿ ನನ್ನ ಸಲಹೆ: ಗಾಬರಿ ಬೇಡ. ಇಸ್ರೇಲಿನಲ್ಲಿ ಲಕ್ಷಕ್ಕೂ ಹೆಚ್ಚು ಮಂದಿಯ ದಾಖಲೆ ನೋಡಿದ 2023ರ ಅಧ್ಯಯನ, ವಯಸ್ಕರಾದ ಮೇಲೆ ಎಡಿಎಚ್‌ಡಿ ಗುರುತಿಸಲ್ಪಟ್ಟವರಲ್ಲಿ ಡಿಮೆನ್ಷಿಯಾ 2.77 ಪಟ್ಟು ಎಂದಿತು. ಇದು ಸಹಸಂಬಂಧ ಮಾತ್ರ. ಡಿಮೆನ್ಷಿಯಾದ ಆರಂಭದ ಗಮನಭಂಗವನ್ನೇ ಎಡಿಎಚ್‌ಡಿ ಎಂದು ಬರೆದಿರುವ ಸಾಧ್ಯತೆಯೂ ಇದೆ. ಬಿಪಿ, ಸಕ್ಕರೆ, ಧೂಮಪಾನ, ನಿದ್ದೆ ಇವು ಕೈಯಲ್ಲಿರುವ ವಿಷಯಗಳು.

ಸಭೆಯಿಂದ ಬಂದ ಪ್ರಶ್ನೆಗಳು

*ಮಗಳದ್ದು ಟ್ರಾನ್ಸ್‌ಲೊಕೇಷನ್ ಬಗೆ, ಅಪಾಯ ಕಡಿಮೆಯೇ?* ಇಲ್ಲ. 21ರ ಹೆಚ್ಚುವರಿ ತುಣುಕು ಬೇರೆ ಕ್ರೋಮೋಸೋಮಿಗೆ ಅಂಟಿದ್ದರೂ ಸಾಮಾನ್ಯವಾಗಿ ಎಪಿಪಿ ಅದರಲ್ಲೇ ಇರುತ್ತದೆ. ಮೊಸಾಯಿಕ್ (ಕೆಲವು ಜೀವಕೋಶಗಳಲ್ಲಿ ಮಾತ್ರ ಮೂರು ಪ್ರತಿ) ಆದರೆ ಕಡಿಮೆ ಇರಬಹುದು, ಆದರೆ ರಕ್ತದಲ್ಲಿ ಶೇ. 30 ಎಂದು ಬಂದರೆ ಮೆದುಳಿನಲ್ಲೂ ಅಷ್ಟೇ ಎಂದು ಲೆಕ್ಕ ಹಾಕಲು ಬರುವುದಿಲ್ಲ.

*ಲಕ್ಷಣ ಬರುವ ಮೊದಲೇ ಡೊನೆಪೆಜಿಲ್ ಕೊಟ್ಟರೆ ತಡೆಯಬಹುದೇ?* ತಡೆಯುತ್ತದೆ ಎಂಬುದಕ್ಕೆ ಪುರಾವೆ ಇಲ್ಲ, ಅಡ್ಡಪರಿಣಾಮ ಮಾತ್ರ ಖಾತ್ರಿ. ಆ ಹಣದಲ್ಲಿ ಸ್ಲೀಪ್ ಸ್ಟಡಿ ಮಾಡಿಸಿ, ಶ್ರವಣ ಪರೀಕ್ಷೆ ಮಾಡಿಸಿ.

*ಮೊದಲ ಸಲ ತೋರಿಸಲು ಹೋಗುವಾಗ ಏನು ತರಬೇಕು?* ಬೆಂಗಳೂರಿಗೆ ಹತ್ತಿರದವರು ನಿಮ್ಹಾನ್ಸ್‌ಗೆ ಬರಬಹುದು, ದೂರದವರು ಜಿಲ್ಲೆಯ ಮೆಡಿಕಲ್ ಕಾಲೇಜಿನಲ್ಲಿ ಶುರುಮಾಡಬಹುದು. ಕ್ಯಾರಿಯೋಟೈಪ್ (ಕ್ರೋಮೋಸೋಮ್ ಪರೀಕ್ಷೆ) ವರದಿ, ಕಳೆದ ಆರು ತಿಂಗಳೊಳಗಿನ ಟಿಎಸ್‌ಎಚ್, ಬಿ12, ಹಿಮೋಗ್ಲೋಬಿನ್, ಸಕ್ಕರೆ, ಮೂತ್ರದ ವರದಿ, ಕಿವಿ ಕಣ್ಣಿನ ತಪಾಸಣೆಯ ಚೀಟಿ, ನುಂಗುತ್ತಿರುವ ಎಲ್ಲ ಮಾತ್ರೆಗಳು, ಹಳೆಯ ಮತ್ತು ಹೊಸ ವಿಡಿಯೋ, ತುಂಬಿದ ಪ್ರಶ್ನಾವಳಿ. ಒಂದು ಹಾಳೆಯಲ್ಲಿ "ಏನು ಬದಲಾಯಿತು, ಯಾವ ತಿಂಗಳಿಂದ, ಆ ಹೊತ್ತಿಗೆ ಮನೆಯಲ್ಲಿ ಏನಾಗಿತ್ತು" ಎಂದು ಬರೆದು ತನ್ನಿ. ಬೆಳಗಿನ ಹೊತ್ತಿನ ಅಪಾಯಿಂಟ್‌ಮೆಂಟ್ ಕೇಳಿ, ದಣಿದ ಮೇಲೆ ಯಾರ ಅಂಕವೂ ಸರಿ ಬರುವುದಿಲ್ಲ. ಮತ್ತು ಅವರ ಎದುರಿಗೇ ಅವರ ತಪ್ಪುಗಳ ಪಟ್ಟಿ ಓದಬೇಡಿ. ಆ ಹಾಳೆಯನ್ನು ಡಾಕ್ಟರ ಕೈಗೆ ಕೊಟ್ಟು, ಮೊದಲ ಮಾತನ್ನು ಡೌನ್ ಸಿಂಡ್ರೋಮ್ ಇರುವವರಿಂದಲೇ ಆಡಿಸಿ.